ಸ್ಕಿಪೋಲ್–ಹೀಥ್ರೂ: ದೂರ, ಹಾರಾಟದ ಅವಧಿ ಮತ್ತು ಟಿಕೆಟಿನ ಮೇಲಿನ ಸಮಯದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಆಮ್‌ಸ್ಟರ್‌ಡ್ಯಾಮ್‌ನ ಸ್ಕಿಪೋಲ್ ಮತ್ತು ಲಂಡನ್ನಿನ ಹೀಥ್ರೂ ನಡುವಿನದು ಯುರೋಪಿನ ದಟ್ಟಣೆಯ ವಿಮಾನ ಮಾರ್ಗಗಳಲ್ಲಿ ಒಂದು. ಈ ಪ್ರಯಾಣಕ್ಕೆ ಎಷ್ಟು ಹೊತ್ತು ಬೇಕೆಂದು ಹುಡುಕಿದವರಿಗೆ ಒಂದು ಕಡೆ 28 ನಿಮಿಷ, ಇನ್ನೊಂದು ಕಡೆ 50 ನಿಮಿಷ, ಟಿಕೆಟಿನಲ್ಲಿ 1 ಗಂಟೆ 20 ನಿಮಿಷ ಎಂಬ ಉತ್ತರಗಳು ಸಿಗುತ್ತವೆ. ತಲುಪುವ ಹೊತ್ತಿನಿಂದ ಹೊರಡುವ ಹೊತ್ತನ್ನು ಕಳೆದು ನೋಡಿದರೆ ಬರೀ 20 ನಿಮಿಷ ಎಂದೂ ಕಾಣುತ್ತದೆ. ಈ ನಾಲ್ಕೂ ಲೆಕ್ಕಗಳು ಸರಿಯೇ, ಆದರೆ ಒಂದೊಂದು ಲೆಕ್ಕ ಅಳೆಯುವ ವಸ್ತು ಬೇರೆ. ಅವುಗಳನ್ನು ಬಿಡಿಸಿ ಹೇಳುವುದು ಕೆಳಗಿನ ಉತ್ತರಗಳ ಉದ್ದೇಶ.

ಎರಡು ವಿಮಾನ ನಿಲ್ದಾಣಗಳ ನಡುವಿನ ನೇರ ದೂರ ಎಷ್ಟು?

ಸುಮಾರು 370 ಕಿಲೋಮೀಟರ್. ವಿಮಾನಯಾನದವರು ಬಳಸುವ ನಾಟಿಕಲ್ ಮೈಲಿನಲ್ಲಿ ಇದು 200, ರಸ್ತೆಯ ಮೈಲಿನಲ್ಲಿ 230. ಸ್ಕಿಪೋಲ್ ಇರುವುದು ಉತ್ತರ ಅಕ್ಷಾಂಶ 52.31, ಪೂರ್ವ ರೇಖಾಂಶ 4.76 ಡಿಗ್ರಿಯಲ್ಲಿ, ಹೀಥ್ರೂ ಇರುವುದು ಉತ್ತರ ಅಕ್ಷಾಂಶ 51.48, ಪಶ್ಚಿಮ ರೇಖಾಂಶ 0.46 ಡಿಗ್ರಿಯಲ್ಲಿ. ಬೇರೆ ಬೇರೆ ಕಡೆ 369 ಎಂದೋ 371 ಎಂದೋ ಬರೆದಿದ್ದರೆ ಗಾಬರಿಪಡುವ ಅಗತ್ಯವಿಲ್ಲ. ವಿಮಾನ ನಿಲ್ದಾಣವೆಂದರೆ ಒಂದು ಚುಕ್ಕೆಯಲ್ಲ, ಹಲವು ಕಿಲೋಮೀಟರ್ ಹರಡಿಕೊಂಡ ಬಯಲು. ಅದರ ಯಾವ ಬಿಂದುವನ್ನು ಲೆಕ್ಕಕ್ಕೆ ಹಿಡಿದರು ಎಂಬುದರ ಮೇಲೆ ಇಷ್ಟು ವ್ಯತ್ಯಾಸ ಬಂದೇ ಬರುತ್ತದೆ.

ಕರ್ನಾಟಕದವರಿಗೆ ಈ ದೂರದ ಅಂದಾಜು ಸುಲಭವಾಗಿ ಸಿಗುತ್ತದೆ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ಇರುವ ನೇರ ದೂರವೂ ಹೆಚ್ಚುಕಡಿಮೆ ಇಷ್ಟೇ, ಅಂದರೆ 370 ಕಿಲೋಮೀಟರ್.

ನೇರ ದೂರವನ್ನು ಅಳೆಯುವ ಬಗೆ ಯಾವುದು?

ಭೂಮಿಯ ಮೇಲ್ಮೈಯಲ್ಲಿ ಎರಡು ಬಿಂದುಗಳ ನಡುವಿನ ಅತಿ ಕಡಿಮೆ ದೂರದ ದಾರಿಯನ್ನು ಮಹಾವೃತ್ತದ ದಾರಿ ಎನ್ನುತ್ತಾರೆ. ಭೂಮಿಯ ಕೇಂದ್ರದ ಮೂಲಕ ಹಾದುಹೋಗುವ ಸಮತಲವು ಮೇಲ್ಮೈಯನ್ನು ಕತ್ತರಿಸಿದಲ್ಲಿ ಉಂಟಾಗುವ ವೃತ್ತದ ಒಂದು ತುಣುಕು ಅದು. ದೂರದೂರದ ಊರುಗಳ ನಡುವೆ ಈ ದಾರಿ ಭೂಪಟದ ಮೇಲೆ ಬಾಗಿದಂತೆ ಕಾಣುತ್ತದೆ. ಸ್ಕಿಪೋಲ್ ಮತ್ತು ಹೀಥ್ರೂಗಳಷ್ಟು ಹತ್ತಿರದ ನಿಲ್ದಾಣಗಳಿಗೆ ಆ ಬಾಗು ಲೆಕ್ಕಕ್ಕೇ ಬರುವುದಿಲ್ಲ: ದಿಕ್ಸೂಚಿಯನ್ನು ಒಂದೇ ಕೋನದಲ್ಲಿ ಹಿಡಿದು ಹೋದರೂ ನೂರು ಮೀಟರಿನಷ್ಟು ಕೂಡ ಹೆಚ್ಚು ದೂರವಾಗದು.

ಹಾಗಾದರೆ ವಿಮಾನ ಹಾರುವುದು 370 ಕಿಲೋಮೀಟರ್ ಮಾತ್ರವೇ?

ಅಲ್ಲ, ಬಹುತೇಕ ದಿನಗಳಲ್ಲಿ ಅದು 400 ಕಿಲೋಮೀಟರ್ ದಾಟುತ್ತದೆ. ವಿಮಾನ ಗಾಳಿಗೆ ಎದುರಾಗಿ ಏರಬೇಕು, ಗಾಳಿಗೆ ಎದುರಾಗಿಯೇ ಇಳಿಯಬೇಕು. ಆದ್ದರಿಂದ ಹೊರಡುವ ರನ್‌ವೇಯಾಗಲಿ ಇಳಿಯುವ ರನ್‌ವೇಯಾಗಲಿ ಹೋಗಬೇಕಾದ ಊರಿನ ದಿಕ್ಕಿಗೇ ಮುಖಮಾಡಿರುತ್ತದೆ ಎಂಬ ಭರವಸೆಯಿಲ್ಲ. ಸ್ಕಿಪೋಲ್‌ನ ಕಾಗ್‌ಬಾನ್ ಎಂಬ ರನ್‌ವೇಯಿಂದ ನೈಋತ್ಯಕ್ಕೆ ಏರಿದ ವಿಮಾನ ಹೆಚ್ಚು ತಿರುಗದೆ ಲಂಡನ್ನಿನ ಹಾದಿ ಹಿಡಿಯಬಲ್ಲದು. ಪೋಲ್ಡರ್‌ಬಾನ್ ಎಂಬ ರನ್‌ವೇಯಿಂದಾದರೆ ಏರುವುದು ಉತ್ತರಕ್ಕೆ ಮಾತ್ರ. ಏರಿದ ಮೇಲೆ ಎಡಕ್ಕೆ ತಿರುಗಿ ಉತ್ತರ ಸಮುದ್ರದ ಕಡೆ ಬರಬೇಕು. ಜನವಸತಿಯ ಮೇಲೆ ಸದ್ದು ಬೀಳದಂತೆ ಗೊತ್ತುಮಾಡಿದ ನಿರ್ಗಮನ ಪಥಗಳು, ಒಂದು ವಿಮಾನದಿಂದ ಇನ್ನೊಂದಕ್ಕೆ ಕಾಯ್ದುಕೊಳ್ಳಬೇಕಾದ ಅಂತರ, ಹೀಥ್ರೂ ಬಳಿ ಸರದಿಗಾಗಿ ಹಾಕುವ ಸುತ್ತುಗಳು, ಇವೆಲ್ಲ ಸೇರಿ ದಾರಿ ಉದ್ದವಾಗುತ್ತದೆ.

ಸರಿಯಾದ ಹಾರಾಟದ ಸಮಯ ಎಷ್ಟು?

ಗಾಲಿಗಳು ನೆಲ ಬಿಟ್ಟ ಕ್ಷಣದಿಂದ ನೆಲ ಮುಟ್ಟುವ ಕ್ಷಣದವರೆಗೆ ಸಾಮಾನ್ಯವಾಗಿ 45ರಿಂದ 55 ನಿಮಿಷ. ವಿಮಾನವು ಗೇಟಿನಿಂದ ಹಿಂದಕ್ಕೆ ಸರಿದ ಕ್ಷಣದಿಂದ ಇನ್ನೊಂದು ಊರಿನ ಗೇಟಿನಲ್ಲಿ ನಿಲ್ಲುವವರೆಗೆ ವೇಳಾಪಟ್ಟಿಯಲ್ಲಿ ಕೊಡುವ ಅವಧಿ 1 ಗಂಟೆ 15 ನಿಮಿಷದಿಂದ 1 ಗಂಟೆ 30 ನಿಮಿಷ. ಎರಡನೆಯದನ್ನು ವಿಮಾನ ಸಂಸ್ಥೆಗಳು ಬ್ಲಾಕ್ ಸಮಯ ಎನ್ನುತ್ತವೆ, ಟಿಕೆಟಿನ ಮೇಲೆ ಮುದ್ರಿಸುವುದೂ ಅದನ್ನೇ. ಪ್ರಯಾಣಿಕರಿಗೆ ಉಪಯೋಗಕ್ಕೆ ಬರುವುದು ಈ ಎರಡನೆಯ ಲೆಕ್ಕವೇ ಎಂದು ನನ್ನ ಅಭಿಪ್ರಾಯ. ಮೊದಲನೆಯದು ಕಿಟಕಿಯ ಪಕ್ಕ ಕೂತು ಮೋಡ ನೋಡುವ ಹೊತ್ತು ಎಷ್ಟೆಂದು ಹೇಳುತ್ತದೆ, ಅಷ್ಟೆ.

ಜೆಟ್ ವಿಮಾನದ ವೇಗ ಗಂಟೆಗೆ 800 ಕಿಲೋಮೀಟರಿಗೂ ಹೆಚ್ಚು. 370 ಕಿಲೋಮೀಟರಿಗೆ 28 ನಿಮಿಷ ಸಾಕಲ್ಲವೇ?

ಭಾಗಾಕಾರದ ಪ್ರಕಾರ ಸಾಕು. ದೂರ ಲೆಕ್ಕಹಾಕುವ ಎಷ್ಟೋ ಜಾಲತಾಣಗಳು ಮಾಡುವುದೂ ಇದನ್ನೇ: ದೂರವನ್ನು 800ರಿಂದಲೋ 850ರಿಂದಲೋ ಭಾಗಿಸಿ, ಕೆಲವು ಕಡೆ ಏರುವುದಕ್ಕೂ ಇಳಿಯುವುದಕ್ಕೂ ಎಂದು ಅರ್ಧ ಗಂಟೆ ಸೇರಿಸಿ ಉತ್ತರ ಕೊಡುತ್ತವೆ. ಬೆಂಗಳೂರಿನಿಂದ ಲಂಡನ್ನಿಗೆ ಹೋಗುವಂಥ ಉದ್ದದ ಹಾರಾಟಕ್ಕೆ ಈ ಸೂತ್ರ ಒಂದು ಮಟ್ಟಿಗೆ ಒಪ್ಪುತ್ತದೆ, ಏಕೆಂದರೆ ಅಲ್ಲಿ ವಿಮಾನ ಗಂಟೆಗಟ್ಟಲೆ ಒಂದೇ ಎತ್ತರದಲ್ಲಿ ಒಂದೇ ವೇಗದಲ್ಲಿ ಸಾಗುತ್ತದೆ. ಇಂಥ ಗಿಡ್ಡ ಹಾರಾಟದಲ್ಲಿ ಆ ವೇಗದಲ್ಲಿ ಸಾಗುವ ಹೊತ್ತು ಹತ್ತು ಹದಿನೈದು ನಿಮಿಷ ಸಿಕ್ಕರೆ ಹೆಚ್ಚು. ಮೊದಲ ಕಾಲು ಗಂಟೆ ಏರುವುದರಲ್ಲಿ ಕಳೆಯುತ್ತದೆ. ಉತ್ತರ ಸಮುದ್ರ ದಾಟುವಷ್ಟರಲ್ಲಿ ಇಳಿಯುವ ಸಿದ್ಧತೆ ಶುರುವಾಗಿರುತ್ತದೆ.

ಸಾಮಾನ್ಯವಾಗಿ 10,000 ಅಡಿಗಿಂತ ಕೆಳಗೆ ವಿಮಾನದ ವೇಗ 250 ನಾಟ್, ಅಂದರೆ ಗಂಟೆಗೆ ಸುಮಾರು 463 ಕಿಲೋಮೀಟರ್ ಮೀರಬಾರದೆಂಬ ಮಿತಿಯಿದೆ. ಹೀಥ್ರೂವಿನ ರನ್‌ವೇಯ ಸಾಲಿಗೆ ಬಂದ ಮೇಲಂತೂ ಎಲ್ಲ ವಿಮಾನಗಳನ್ನೂ 160 ನಾಟ್‌ನ, ಅಂದರೆ ಗಂಟೆಗೆ 300 ಕಿಲೋಮೀಟರಿಗೂ ಕೊಂಚ ಕಡಿಮೆಯ, ಒಂದೇ ವೇಗದಲ್ಲಿ ತರುತ್ತಾರೆ. ಇದನ್ನೆಲ್ಲ ಸೇರಿಸಿ 50 ನಿಮಿಷದ ಹಾರಾಟಕ್ಕೆ ಸರಾಸರಿ ತೆಗೆದರೆ ಗಂಟೆಗೆ 444 ಕಿಲೋಮೀಟರ್ ಬರುತ್ತದೆ. 80 ನಿಮಿಷದ ಬ್ಲಾಕ್ ಸಮಯಕ್ಕೆ ತೆಗೆದರೆ ಬರುವುದು ಸುಮಾರು 277 ಕಿಲೋಮೀಟರ್. ವಿಮಾನ ಯಾವುದು ಎಂಬುದರಿಂದಲೂ ಇಲ್ಲಿ ದೊಡ್ಡ ವ್ಯತ್ಯಾಸವಾಗುವುದಿಲ್ಲ. ನೆದರ್ಲೆಂಡ್ಸ್‌ನ ವಿಮಾನ ಸಂಸ್ಥೆ ಕೆಎಲ್‌ಎಂ ಓಡಿಸುವ ಬೋಯಿಂಗ್ 737 ಆಗಲಿ, ಬ್ರಿಟಿಷ್ ಏರ್‌ವೇಸ್‌ನ ಏರ್‌ಬಸ್ ಎ320 ಆಗಲಿ, ತಮ್ಮ ಪೂರ್ಣ ವೇಗವನ್ನು ತೋರಿಸಲು ಈ ಮಾರ್ಗ ಎಡೆಯನ್ನೇ ಕೊಡುವುದಿಲ್ಲ.

ನೆಲದ ಮೇಲೆಯೇ ಅರ್ಧ ಗಂಟೆ ಹೋಗುವುದು ಹೇಗೆ?

ಸ್ಕಿಪೋಲ್‌ನಲ್ಲಿ ಆರು ರನ್‌ವೇಗಳಿವೆ. ಅವುಗಳಲ್ಲಿ ಹೊಸದಾದ, 2003ರಲ್ಲಿ ಬಳಕೆಗೆ ಬಂದ, 3,800 ಮೀಟರ್ ಉದ್ದದ ಪೋಲ್ಡರ್‌ಬಾನ್ ಅನ್ನು ಸದ್ದಿನ ತೊಂದರೆ ತಗ್ಗಿಸುವ ಸಲುವಾಗಿ ಟರ್ಮಿನಲ್ಲಿನಿಂದ ಬಹಳ ದೂರದಲ್ಲಿ ಕಟ್ಟಿದ್ದಾರೆ. ಅದಕ್ಕೆ ಬೇರೆಯದೇ ನಿಯಂತ್ರಣ ಗೋಪುರವಿದೆ. ಗೇಟಿನಿಂದ ಅಲ್ಲಿಗೆ ವಿಮಾನ ಉರುಳಿಕೊಂಡು ಹೋಗಲು 10ರಿಂದ 20 ನಿಮಿಷ ಹಿಡಿಯುತ್ತದೆ, ದಾರಿಯಲ್ಲಿ ಹೆದ್ದಾರಿಯ ಮೇಲೆ ಕಟ್ಟಿದ ಸೇತುವೆಯನ್ನೂ ದಾಟಬೇಕು. ಕಿಟಕಿಯ ಕೆಳಗೆ ಕಾರುಗಳು ಓಡುವುದನ್ನು ಕಂಡು, ಈ ವಿಮಾನ ರಸ್ತೆಯ ಮೇಲೆಯೇ ಲಂಡನ್ನಿಗೆ ಹೊರಟಿತೇ ಎಂದು ಮೊದಲ ಸಲ ಬಂದವರಿಗೆ ಅನುಮಾನ ಬಂದರೆ ಅವರದು ತಪ್ಪಲ್ಲ. ಅದೇ ಕಾಗ್‌ಬಾನ್‌ನಿಂದ ಏರುವ ದಿನ ಈ ಓಟ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಯಾವ ದಿನ ಯಾವ ರನ್‌ವೇ ಎಂಬುದನ್ನು ಗಾಳಿ, ದಟ್ಟಣೆ ಮತ್ತು ಸದ್ದಿನ ನಿಯಮಗಳು ತೀರ್ಮಾನಿಸುವುದರಿಂದ ವೇಳಾಪಟ್ಟಿ ಹಾಕುವವರು ಎರಡಕ್ಕೂ ಸಾಲುವಷ್ಟು ಸಮಯವನ್ನು ಮೊದಲೇ ಕಟ್ಟಿಡುತ್ತಾರೆ.

ಇದಲ್ಲದೆ ಯುರೋಪಿನ ಆಕಾಶದಲ್ಲಿ ದಟ್ಟಣೆ ಹೆಚ್ಚಿದಾಗ ಯೂರೋಕಂಟ್ರೋಲ್ ಸಂಸ್ಥೆಯು ವಿಮಾನಗಳಿಗೆ ನೆಲ ಬಿಡುವ ಸಮಯವನ್ನು ಗೊತ್ತುಮಾಡಿ ಕೊಡುತ್ತದೆ. ಪೈಲಟ್ಟರು ಸ್ಲಾಟ್ ಎಂದು ಪ್ರಕಟಿಸುವುದು ಇದನ್ನೇ. ಗೊತ್ತಾದ ಹೊತ್ತಿಗಿಂತ 5 ನಿಮಿಷ ಮುಂಚೆಯಿಂದ 10 ನಿಮಿಷ ನಂತರದವರೆಗಿನ ಕಿಂಡಿಯಲ್ಲಿ ವಿಮಾನ ಏರಲೇಬೇಕು. ಆಕಾಶದಲ್ಲಿ ಸುತ್ತುಹಾಕಿ ಇಂಧನ ಸುಡುವುದಕ್ಕಿಂತ ನೆಲದ ಮೇಲೆ ಕಾಯುವುದು ಮೇಲು ಎಂಬುದು ಇದರ ಹಿಂದಿನ ತರ್ಕ.

ಲಂಡನ್ ಹತ್ತಿರ ಬಂದ ಮೇಲೂ ವಿಮಾನ ಸುತ್ತುತ್ತಲೇ ಇರುವುದೇಕೆ?

ಹೀಥ್ರೂವಿನಲ್ಲಿ ಇರುವುದು ಎರಡೇ ರನ್‌ವೇಗಳು. ವರ್ಷಕ್ಕೆ 4,80,000 ಹಾರಾಟಗಳ ಮಿತಿಯನ್ನು ಅದಕ್ಕೆ ಹಾಕಲಾಗಿದೆ, ಮತ್ತು ಆ ಮಿತಿಯ ಹತ್ತಿರಕ್ಕೇ ಅದು ದಿನನಿತ್ಯ ಕೆಲಸ ಮಾಡುತ್ತದೆ. ಒಂದು ರನ್‌ವೇಯಲ್ಲಿ ಇಳಿಯುವುದು, ಇನ್ನೊಂದರಲ್ಲಿ ಏರುವುದು ಎಂಬ ಕ್ರಮದಲ್ಲಿ ಹಗಲೆಲ್ಲ ಬಿಡುವಿಲ್ಲದ ಸಾಲು ನಡೆಯುತ್ತಿರುವಾಗ, ಸಾಲು ಎಲ್ಲಿಯೂ ಖಾಲಿ ಬೀಳದಂತೆ ವಿಮಾನಗಳನ್ನು ಹತ್ತಿರದಲ್ಲೇ ಸಜ್ಜಾಗಿ ಇಟ್ಟುಕೊಳ್ಳಬೇಕಾಗುತ್ತದೆ. ಅದಕ್ಕಾಗಿ ಲಂಡನ್ನಿನ ಸುತ್ತ ಬೋವಿಂಗ್‌ಡನ್, ಲ್ಯಾಂಬೋರ್ನ್, ಬಿಗಿನ್ ಹಿಲ್ ಮತ್ತು ಆಕ್‌ಹ್ಯಾಮ್ ಎಂಬ ನಾಲ್ಕು ಕಾಯುವ ತಾಣಗಳಿವೆ. ಆಮ್‌ಸ್ಟರ್‌ಡ್ಯಾಮ್ ಕಡೆಯಿಂದ ಬರುವ ವಿಮಾನಗಳ ಪಾಲಿಗೆ ಬರುವುದು ಸಾಮಾನ್ಯವಾಗಿ ಎಸೆಕ್ಸ್‌ನ ಲ್ಯಾಂಬೋರ್ನ್. ಅಲ್ಲಿ ವಿಮಾನಗಳು ಒಂದರ ಮೇಲೊಂದರಂತೆ ಸಾವಿರ ಸಾವಿರ ಅಡಿಗಳ ಅಂತರದಲ್ಲಿ ಸುತ್ತುತ್ತವೆ. ಅತಿ ಕೆಳಗಿನದು ಹೊರಬಿದ್ದಂತೆ ಮೇಲಿನವು ಒಂದೊಂದು ಮೆಟ್ಟಿಲು ಇಳಿಯುತ್ತವೆ. ಒಂದು ಸುತ್ತಿಗೆ ಸುಮಾರು ನಾಲ್ಕು ನಿಮಿಷ. ಎರಡು ಸುತ್ತು ಬಿದ್ದರೆ 50 ನಿಮಿಷದ ಹಾರಾಟ ಗಂಟೆಯ ಹತ್ತಿರ ಬಂತು.

ಜೋರು ಎದುರುಗಾಳಿ ಬೀಸುವ ದಿನಗಳಲ್ಲಿ ಹಿಂದೆಲ್ಲ ಇಳಿಯುವ ಸಾಲು ಇನ್ನಷ್ಟು ನಿಧಾನವಾಗುತ್ತಿತ್ತು. ವಿಮಾನಗಳ ನಡುವೆ ಇಂತಿಷ್ಟು ದೂರವಿರಬೇಕೆಂಬ ನಿಯಮದ ಬದಲು ಇಂತಿಷ್ಟು ಸೆಕೆಂಡುಗಳ ಅಂತರವಿರಬೇಕೆಂಬ ಪದ್ಧತಿಯನ್ನು 2015ರಲ್ಲಿ ಹೀಥ್ರೂವಿನಲ್ಲಿ ತಂದ ಮೇಲೆ ಆ ತೊಂದರೆ ಬಹುಮಟ್ಟಿಗೆ ತಗ್ಗಿದೆ.

ಹೋಗುವಾಗಿನ ಸಮಯಕ್ಕೂ ಬರುವಾಗಿನ ಸಮಯಕ್ಕೂ ವ್ಯತ್ಯಾಸವಿದೆಯೇ?

ಇದೆ, ಆದರೆ ಅಟ್ಲಾಂಟಿಕ್ ದಾಟುವ ಹಾರಾಟಗಳಲ್ಲಿ ಇರುವಷ್ಟಲ್ಲ. ಯುರೋಪಿನ ಈ ಭಾಗದಲ್ಲಿ ಎತ್ತರದ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಆದ್ದರಿಂದ ಲಂಡನ್ನಿನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಬರುವ ವಿಮಾನಕ್ಕೆ ಗಾಳಿ ಬೆನ್ನಿಗಿರುತ್ತದೆ, ಹೋಗುವ ವಿಮಾನಕ್ಕೆ ಎದುರಿಗಿರುತ್ತದೆ. ಆದರೂ ಈ ಮಾರ್ಗದ ವಿಮಾನಗಳು ಗಾಳಿ ಅತಿ ಜೋರಾಗಿರುವ ಎತ್ತರಕ್ಕೆ ಏರುವುದು ಕಡಿಮೆಯಾದ್ದರಿಂದ, ಮತ್ತು ಗಾಳಿಯ ಬಲ ಕೆಲಸ ಮಾಡಲು ದೊರೆಯುವ ಹೊತ್ತೂ ಕಡಿಮೆಯಾದ್ದರಿಂದ, ಸಾಮಾನ್ಯ ದಿನಗಳಲ್ಲಿ ವ್ಯತ್ಯಾಸ ಐದರಿಂದ ಹತ್ತು ನಿಮಿಷದೊಳಗೆ ನಿಲ್ಲುತ್ತದೆ. ಪಶ್ಚಿಮದ ಕಡೆಯ ಹಾರಾಟ ಹೆಚ್ಚು ಹೊತ್ತು ತೆಗೆದುಕೊಳ್ಳುವುದಕ್ಕೆ ಗಾಳಿಗಿಂತ ಹೀಥ್ರೂವಿನ ಸರದಿಯೇ ದೊಡ್ಡ ಕಾರಣ.

ಟಿಕೆಟಿನಲ್ಲಿ 10:00ಕ್ಕೆ ಹೊರಟು 10:20ಕ್ಕೆ ತಲುಪುತ್ತದೆ ಎಂದಿದೆ. ಇದು ಮುದ್ರಣದ ತಪ್ಪೇ?

ತಪ್ಪಲ್ಲ. ಟಿಕೆಟಿನಲ್ಲಿ ಎರಡೂ ಸಮಯಗಳು ಆಯಾ ಊರಿನ ಗಡಿಯಾರದವು, ಮತ್ತು ಬ್ರಿಟನ್ನಿನ ಗಡಿಯಾರ ನೆದರ್ಲೆಂಡ್ಸ್‌ಗಿಂತ ಒಂದು ಗಂಟೆ ಹಿಂದಿದೆ. 1 ಗಂಟೆ 20 ನಿಮಿಷದ ಪ್ರಯಾಣದಲ್ಲಿ ಒಂದು ಗಂಟೆಯನ್ನು ಗಡಿಯಾರ ಮರಳಿಸಿಬಿಡುತ್ತದೆ. ಅದೇ ಪ್ರಯಾಣಿಕರು 10:00ಕ್ಕೆ ಲಂಡನ್ನಿನಿಂದ ಹೊರಟರೆ ಆಮ್‌ಸ್ಟರ್‌ಡ್ಯಾಮ್ ತಲುಪುವುದು 12:20ಕ್ಕೆ. ಎರಡೂ ದೇಶಗಳು ಮಾರ್ಚ್ ಮತ್ತು ಅಕ್ಟೋಬರ್ ತಿಂಗಳುಗಳ ಕೊನೆಯ ಭಾನುವಾರ ಒಂದೇ ಕ್ಷಣದಲ್ಲಿ ಗಡಿಯಾರ ಬದಲಾಯಿಸುವುದರಿಂದ ವರ್ಷವಿಡೀ ಈ ಒಂದು ಗಂಟೆಯ ಅಂತರ ಹಾಗೆಯೇ ಉಳಿಯುತ್ತದೆ. ಊರಿಗೆ ಫೋನ್ ಮಾಡುವವರು ನೆನಪಿಡಬೇಕಾದದ್ದು: ಆಮ್‌ಸ್ಟರ್‌ಡ್ಯಾಮ್ ಭಾರತಕ್ಕಿಂತ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ, ಲಂಡನ್ ನಾಲ್ಕೂವರೆ ಮತ್ತು ಐದೂವರೆ ಗಂಟೆ ಹಿಂದೆ.

ಈ ಒಂದು ಗಂಟೆ ಭೂಗೋಳ ಕೊಟ್ಟದ್ದಲ್ಲ. ಐದು ಡಿಗ್ರಿ ರೇಖಾಂಶಕ್ಕೆ ಸೂರ್ಯನ ಲೆಕ್ಕದಲ್ಲಿ ಬರುವುದು 20 ನಿಮಿಷದ ಆಸುಪಾಸು ಮಾತ್ರ, ಮತ್ತು 1940ರ ಮೇ ತಿಂಗಳವರೆಗೆ ನೆದರ್ಲೆಂಡ್ಸ್‌ನ ಗಡಿಯಾರ ಗ್ರೀನಿಚ್‌ಗಿಂತ 20 ನಿಮಿಷವಷ್ಟೇ ಮುಂದಿತ್ತು. ಜರ್ಮನಿ ಆ ದೇಶವನ್ನು ಆಕ್ರಮಿಸಿದಾಗ ಬರ್ಲಿನ್ನಿನ ಸಮಯವನ್ನು ಹೇರಿತು. ಯುದ್ಧ ಮುಗಿದರೂ ಗಡಿಯಾರ ಮಾತ್ರ ಹಿಂದಿರುಗಲಿಲ್ಲ.

ಈ ಎರಡು ನಗರಗಳ ನಡುವೆ ವಿಮಾನ ಸಂಚಾರ ಯಾವಾಗ ಶುರುವಾಯಿತು?

ಕೆಎಲ್‌ಎಂ ಸಂಸ್ಥೆ ಹುಟ್ಟಿದ್ದು 1919ರ ಅಕ್ಟೋಬರ್ 7ರಂದು. ಅದರ ಮೊಟ್ಟಮೊದಲ ಹಾರಾಟ ನಡೆದದ್ದು 1920ರ ಮೇ 17ರಂದು, ಇದೇ ಎರಡು ನಗರಗಳ ನಡುವೆ: ಲಂಡನ್ನಿನ ಕ್ರೊಯ್ಡನ್‌ನಿಂದ ಸ್ಕಿಪೋಲ್‌ಗೆ. ಬಾಡಿಗೆಗೆ ಪಡೆದ ಡಿಎಚ್-16 ವಿಮಾನದಲ್ಲಿ ಇಬ್ಬರು ಬ್ರಿಟಿಷ್ ಪತ್ರಕರ್ತರೂ ಒಂದಷ್ಟು ದಿನಪತ್ರಿಕೆಗಳೂ ಇದ್ದವು. ಹೀಥ್ರೂ ನಾಗರಿಕ ವಿಮಾನ ನಿಲ್ದಾಣವಾದದ್ದು 1946ರಲ್ಲಿ. ಸ್ಕಿಪೋಲ್ 1916ರಲ್ಲಿ ಸೇನೆಯ ವಿಮಾನ ಮೈದಾನವಾಗಿ ಶುರುವಾದದ್ದು, ಅದೂ 1852ರಲ್ಲಿ ನೀರು ಬಸಿದು ಒಣಗಿಸಿದ ಸರೋವರದ ತಳದಲ್ಲಿ. ಆದ್ದರಿಂದಲೇ ಅಲ್ಲಿನ ರನ್‌ವೇಗಳು ಸಮುದ್ರ ಮಟ್ಟಕ್ಕಿಂತ ಮೂರು ಮೀಟರಿನಷ್ಟು ಕೆಳಗಿವೆ.

ಲಂಡನ್ನಿನ ಬೇರೆ ವಿಮಾನ ನಿಲ್ದಾಣಗಳಿಗೆ ಹೋದರೆ ದೂರ ಕಡಿಮೆಯಾಗುತ್ತದೆಯೇ?

ಹೀಥ್ರೂಗಿಂತ ಪೂರ್ವಕ್ಕಿರುವ ನಿಲ್ದಾಣಗಳೆಲ್ಲ ಸಹಜವಾಗಿ ಹತ್ತಿರ. ಸ್ಕಿಪೋಲ್‌ನಿಂದ ಸ್ಟ್ಯಾನ್‌ಸ್ಟೆಡ್‌ಗೆ ನೇರ ದೂರ ಸುಮಾರು 315 ಕಿಲೋಮೀಟರ್, ಲಂಡನ್ ಸಿಟಿಗೆ 335, ಲೂಟನ್‌ಗೆ 355, ಗ್ಯಾಟ್‌ವಿಕ್‌ಗೆ 365. ಮೇಲಿನ ಉತ್ತರಗಳನ್ನು ಓದಿದವರಿಗೆ ಇದರಿಂದ ಉಳಿಯುವ ಸಮಯ ಎಷ್ಟು ಅಲ್ಪವೆಂದು ತಿಳಿದೇ ಇರುತ್ತದೆ. ನಗರದ ಒಳಗೇ ಇರುವ ಲಂಡನ್ ಸಿಟಿಯ ಲಾಭ ಬೇರೆ ಕಡೆ ಇದೆ: ನಿಲ್ದಾಣ ಚಿಕ್ಕದು, ವಿಮಾನದಿಂದ ಇಳಿದವರು ಬೇಗ ಹೊರಗೆ ಬರುತ್ತಾರೆ, ಪೂರ್ವ ಲಂಡನ್ನಿನ ಕಚೇರಿಗಳು ಹತ್ತಿರ. ಅಲ್ಲಿನ ರನ್‌ವೇ ಸುಮಾರು 1,500 ಮೀಟರ್ ಮಾತ್ರ ಇರುವುದರಿಂದ ಸಣ್ಣ ವಿಮಾನಗಳಷ್ಟೇ ಬರುತ್ತವೆ.

ಬೆಂಗಳೂರಿನಿಂದ ಲಂಡನ್ನಿಗೆ ಸ್ಕಿಪೋಲ್ ಮೂಲಕ ಹೋದರೆ ಎಷ್ಟು ಸುತ್ತು ಬೀಳುತ್ತದೆ?

ದೂರದ ಲೆಕ್ಕದಲ್ಲಿ ಸುತ್ತೇ ಇಲ್ಲವೆನ್ನಬೇಕು. ಬೆಂಗಳೂರಿನಿಂದ ಹೀಥ್ರೂಗೆ ಮಹಾವೃತ್ತದ ದೂರ ಸುಮಾರು 8,045 ಕಿಲೋಮೀಟರ್. ಬೆಂಗಳೂರಿನಿಂದ ಸ್ಕಿಪೋಲ್‌ಗೆ ಸುಮಾರು 7,690. ಅದಕ್ಕೆ 370 ಸೇರಿಸಿದರೆ 8,060. ಹದಿನೈದು ಇಪ್ಪತ್ತು ಕಿಲೋಮೀಟರಿನ ಈ ವ್ಯತ್ಯಾಸ ಇಷ್ಟು ದೊಡ್ಡ ಪ್ರಯಾಣದಲ್ಲಿ ಏನೂ ಅಲ್ಲ. ಸ್ಕಿಪೋಲ್ ಬೆಂಗಳೂರು–ಲಂಡನ್ ದಾರಿಯ ಮೇಲೆಯೇ ಇದೆ ಎಂದರೂ ನಡೆಯುತ್ತದೆ. ಇಂದು ವಿಮಾನಗಳು ನಿಜವಾಗಿ ಹಾರುವ ದಾರಿ ಇದಕ್ಕಿಂತ ಉದ್ದ. ಉಕ್ರೇನಿನ ಆಕಾಶ 2022ರ ಫೆಬ್ರುವರಿಯಿಂದ ಮುಚ್ಚಿದೆ, ಪಶ್ಚಿಮ ಏಷ್ಯಾದ ಸಂಘರ್ಷದ ಪ್ರದೇಶಗಳನ್ನು ತಪ್ಪಿಸಿ ಸುತ್ತಿಕೊಂಡು ಹೋಗುವುದೂ ಆಗಾಗ ಇದ್ದದ್ದೇ.

ಆದರೆ ಸಮಯದ ಲೆಕ್ಕ ಬೇರೆ. ಕೊನೆಯ 370 ಕಿಲೋಮೀಟರಿಗಾಗಿ ಇನ್ನೊಮ್ಮೆ ಇಳಿದು, ಭದ್ರತಾ ತಪಾಸಣೆ ಮುಗಿಸಿ, ಮುಂದಿನ ವಿಮಾನಕ್ಕೆ ಕಾದು, ಮತ್ತೆ ಒಂದೂಕಾಲು ಗಂಟೆ ಕೂರಬೇಕು. ನೇರ ವಿಮಾನಕ್ಕಿಂತ ಮೂರು ನಾಲ್ಕು ಗಂಟೆ ಹೆಚ್ಚಾಗುವುದು ಸಾಮಾನ್ಯ. ಟಿಕೆಟಿನ ಬೆಲೆಯಲ್ಲಿ ಒಳ್ಳೆಯ ಉಳಿತಾಯವಿದ್ದರೆ ಅಥವಾ ಹೋಗಬೇಕಾದದ್ದು ಲಂಡನ್ ಅಲ್ಲದೆ ಬ್ರಿಟನ್ನಿನ ಬೇರೆ ಊರಾಗಿದ್ದರೆ ಸ್ಕಿಪೋಲ್ ದಾರಿ ಒಳ್ಳೆಯದು. ವಯಸ್ಸಾದ ತಂದೆತಾಯಿಯರನ್ನು ಒಬ್ಬರೇ ಕಳುಹಿಸುವವರು ಲಂಡನ್ನಿಗಾದರೆ ನೇರ ವಿಮಾನವನ್ನೇ ಆರಿಸುವುದು ಮೇಲು.

ಪಾಸ್‌ಪೋರ್ಟ್ ತಪಾಸಣೆಗೆ ಎಷ್ಟು ಹೊತ್ತು ಇಟ್ಟುಕೊಳ್ಳಬೇಕು?

ಒಳಗಿನ ಗಡಿಗಳಲ್ಲಿ ಸಾಮಾನ್ಯವಾಗಿ ಪಾಸ್‌ಪೋರ್ಟ್ ತಪಾಸಣೆಯಿಲ್ಲದ ಯುರೋಪಿನ ದೇಶಗಳ ಷೆಂಗೆನ್ ವಲಯಕ್ಕೆ ನೆದರ್ಲೆಂಡ್ಸ್ ಸೇರಿದೆ, ಬ್ರಿಟನ್ ಸೇರಿಲ್ಲ. ಭಾರತದ ಪಾಸ್‌ಪೋರ್ಟ್ ಇರುವವರು ಆಮ್‌ಸ್ಟರ್‌ಡ್ಯಾಮ್ ನಗರ ನೋಡಿ ಲಂಡನ್ನಿಗೆ ಹೋಗುವುದಾದರೆ ಎರಡು ಬೇರೆ ಬೇರೆ ವೀಸಾಗಳು ಬೇಕು. ಒಂದಿದ್ದರೆ ಇನ್ನೊಂದಕ್ಕೆ ನಡೆಯುತ್ತದೆ ಎಂಬ ತಪ್ಪು ತಿಳಿವಳಿಕೆ ಇಂದಿಗೂ ಇದೆ. ಆಮ್‌ಸ್ಟರ್‌ಡ್ಯಾಮ್‌ನಿಂದ ಹೊರಡುವಾಗ ಷೆಂಗೆನ್ ವಲಯದಿಂದ ಹೊರಬೀಳುವ ತಪಾಸಣೆ ಒಂದು, ಹೀಥ್ರೂವಿನಲ್ಲಿ ಬ್ರಿಟನ್ ಪ್ರವೇಶದ ತಪಾಸಣೆ ಇನ್ನೊಂದು. ಹಿಂದಿರುಗುವಾಗ ಒಂದೇ, ಏಕೆಂದರೆ ಬ್ರಿಟನ್ನಿನಿಂದ ಹೊರಡುವವರ ಪಾಸ್‌ಪೋರ್ಟನ್ನು ಅಲ್ಲಿನ ಗಡಿ ಅಧಿಕಾರಿಗಳು ವಿಮಾನ ನಿಲ್ದಾಣದಲ್ಲಿ ಸಾಮಾನ್ಯವಾಗಿ ನೋಡುವುದಿಲ್ಲ. ಆದರೆ ಆ ಒಂದು ತಪಾಸಣೆಯೇ ಈಗ ಹೆಚ್ಚು ಹೊತ್ತು ತೆಗೆದುಕೊಳ್ಳಬಹುದು. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಗೆ ಬಂದ ಯುರೋಪಿನ ಹೊಸ ಗಡಿ ವ್ಯವಸ್ಥೆಯಲ್ಲಿ ಹೊರಗಿನ ದೇಶಗಳ ಅಲ್ಪಾವಧಿ ಪ್ರವಾಸಿಗರ ಬೆರಳಚ್ಚು ಮತ್ತು ಮುಖದ ಚಿತ್ರವನ್ನು ದಾಖಲಿಸಿಕೊಳ್ಳುತ್ತಾರೆ. ವಿಮಾನದ ಹೊತ್ತಿಗಿಂತ ಎರಡು ಗಂಟೆ ಮುಂಚೆ ನಿಲ್ದಾಣದಲ್ಲಿರುವುದು, ಇಳಿದ ಮೇಲೆ ಹೊರಬರಲು ಮುಕ್ಕಾಲು ಗಂಟೆ ಇಟ್ಟುಕೊಳ್ಳುವುದು ಸುರಕ್ಷಿತ.

ರೈಲಿನಲ್ಲಿ ಹೋದರೆ ಹೇಗೆ?

ನಗರದ ನಡುವಿನಿಂದ ನಗರದ ನಡುವಿಗೆ ಹೋಗುವವರಿಗೆ ರೈಲು ವಿಮಾನಕ್ಕೆ ಸರಿಸಮ. ಲಂಡನ್ ಸೇಂಟ್ ಪ್ಯಾಂಕ್ರಾಸ್‌ನಿಂದ ಆಮ್‌ಸ್ಟರ್‌ಡ್ಯಾಮ್ ಸೆಂಟ್ರಾಲ್‌ಗೆ ಯೂರೋಸ್ಟಾರ್ ನೇರ ರೈಲು 2018ರ ಏಪ್ರಿಲ್‌ನಲ್ಲಿ, ಅಲ್ಲಿಂದ ಲಂಡನ್ನಿಗೆ ನೇರ ರೈಲು 2020ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಪ್ರಯಾಣಕ್ಕೆ ಸುಮಾರು ನಾಲ್ಕು ಗಂಟೆ. ಪಾಸ್‌ಪೋರ್ಟ್ ತಪಾಸಣೆಗಳೆರಡೂ ಹತ್ತುವ ಮೊದಲೇ ಮುಗಿಯುವುದರಿಂದ ಇಳಿದವರು ನೇರವಾಗಿ ಬೀದಿಗೆ ಬರುತ್ತಾರೆ. ಅದಕ್ಕೊಂದು ಗಂಟೆ ಸೇರಿಸಿದರೆ ಐದು ಗಂಟೆ. ವಿಮಾನದಲ್ಲಾದರೆ ಆಮ್‌ಸ್ಟರ್‌ಡ್ಯಾಮ್ ಸೆಂಟ್ರಾಲ್‌ನಿಂದ ಸ್ಕಿಪೋಲ್‌ಗೆ ರೈಲಿನಲ್ಲಿ ಕಾಲು ಗಂಟೆ, ಅಲ್ಲಿ ಎರಡು ಗಂಟೆ, ಬ್ಲಾಕ್ ಸಮಯ 1 ಗಂಟೆ 20 ನಿಮಿಷ, ಹೀಥ್ರೂವಿನಿಂದ ಹೊರಬರಲು ಮುಕ್ಕಾಲು ಗಂಟೆ, ಎಲಿಜಬೆತ್ ಲೈನ್ ರೈಲಿನಲ್ಲಿ ನಗರದ ಒಳಕ್ಕೆ ಅರ್ಧ ಗಂಟೆಗೂ ಮೇಲೆ: ಕೂಡಿದರೆ ಇದೂ ಐದು ಗಂಟೆಯೇ. ಹೀಥ್ರೂ ಹತ್ತಿರವೇ ಮನೆ ಅಥವಾ ಕಚೇರಿ ಇರುವವರಿಗೆ, ಹೀಥ್ರೂವಿನಿಂದ ಮುಂದೆ ಇನ್ನೊಂದು ವಿಮಾನ ಹಿಡಿಯುವವರಿಗೆ ಮಾತ್ರ ವಿಮಾನವೇ ಲೇಸು. ರಸ್ತೆಯಲ್ಲಾದರೆ ಬೆಲ್ಜಿಯಂ ಮತ್ತು ಉತ್ತರ ಫ್ರಾನ್ಸ್ ಮೂಲಕ ಹೋಗಿ, ಇಂಗ್ಲಿಷ್ ಕಡಲ್ಗಾಲುವೆಯನ್ನು ಸುರಂಗದಲ್ಲೋ ಹಡಗಿನಲ್ಲೋ ದಾಟಬೇಕಾದ್ದರಿಂದ ದೂರ ಐನೂರು ಕಿಲೋಮೀಟರ್ ಮೀರುತ್ತದೆ.

ಕಿಟಕಿಯ ಪಕ್ಕ ಯಾವ ಬದಿ ಕೂರಬೇಕು?

ಲಂಡನ್ನಿಗೆ ಹೋಗುವಾಗ ಬಲಗಡೆ. ಪಶ್ಚಿಮದ ಗಾಳಿಯಿರುವ ದಿನಗಳೇ ಹೆಚ್ಚಾದ್ದರಿಂದ ವಿಮಾನಗಳು ಬಹುಪಾಲು ಪೂರ್ವದಿಂದ, ಲಂಡನ್ ನಗರದ ಮೇಲಿಂದ ಬಂದು ಇಳಿಯುತ್ತವೆ. ಆಗ ಟವರ್ ಬ್ರಿಜ್‌ನಿಂದ ಹಿಡಿದು ಸಂಸತ್ ಭವನದವರೆಗೆ ಥೇಮ್ಸ್ ನದಿಯ ತಿರುವುಗಳು ಬಲಗಡೆ ಕಾಣುತ್ತವೆ. 2015ರಲ್ಲಿ ಬಸವೇಶ್ವರರ ಪ್ರತಿಮೆ ನಿಲ್ಲಿಸಿದ ಲ್ಯಾಂಬೆತ್‌ನ ನದಿದಂಡೆಯೂ ಇದೇ ಸಾಲಿನಲ್ಲಿದೆ, ಆ ಎತ್ತರದಿಂದ ಪ್ರತಿಮೆ ಕಾಣದಿದ್ದರೂ ದಂಡೆಯನ್ನು ಗುರುತಿಸಬಹುದು. ಪೂರ್ವದ ಗಾಳಿ ಬೀಸುವ ದಿನ ಇಳಿಯುವ ದಿಕ್ಕು ಬದಲಾಗಿ ಈ ನೋಟ ತಪ್ಪುತ್ತದೆ.

ವಿಮಾನ ತಡವಾದರೆ ಪರಿಹಾರಕ್ಕೂ ದೂರಕ್ಕೂ ಸಂಬಂಧವಿದೆಯೇ?

ನೇರ ಸಂಬಂಧವಿದೆ. ಯುರೋಪಿನ 261/2004ನೇ ನಿಯಮವು ಪರಿಹಾರದ ಮೊತ್ತವನ್ನು ನಿಗದಿಮಾಡುವುದು ದೂರದ ಮೇಲೆಯೇ, ಮತ್ತು ಆ ದೂರವನ್ನು ಮಹಾವೃತ್ತದ ವಿಧಾನದಲ್ಲಿ ಅಳೆಯಬೇಕೆಂದು ನಿಯಮದಲ್ಲೇ ಬರೆದಿದೆ. ವಿಮಾನ ಎಷ್ಟು ಸುತ್ತಿ ಹಾರಿತು ಎಂಬುದನ್ನು ನೋಡುವುದಿಲ್ಲ. 1,500 ಕಿಲೋಮೀಟರಿನೊಳಗಿನ ಹಾರಾಟಗಳಿಗೆ ಮೊತ್ತ 250 ಯೂರೋ. ಯುರೋಪಿನ ಒಕ್ಕೂಟದಿಂದ ಹೊರಬಂದ ಬ್ರಿಟನ್ ಇದೇ ನಿಯಮವನ್ನು ತನ್ನ ಕಾನೂನಿನಲ್ಲಿ ಉಳಿಸಿಕೊಂಡು ಮೊತ್ತವನ್ನು 220 ಪೌಂಡ್ ಎಂದು ಇಟ್ಟಿದೆ. ಮೂರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ತಡವಾಗಿ ತಲುಪಿರಬೇಕು, ತಡಕ್ಕೆ ಕಾರಣ ವಿಮಾನ ಸಂಸ್ಥೆಯ ಹಿಡಿತದೊಳಗಿನದಾಗಿರಬೇಕು. ಮಂಜು, ಬಿರುಗಾಳಿ, ವಾಯು ಸಂಚಾರ ನಿಯಂತ್ರಣದವರ ಮುಷ್ಕರ ಇತ್ಯಾದಿಗೆ ಪರಿಹಾರ ಸಿಗುವುದಿಲ್ಲ. ಒಂದೇ ಟಿಕೆಟಿನಲ್ಲಿ ಲಂಡನ್ನಿನಿಂದ ಸ್ಕಿಪೋಲ್ ಮೂಲಕ ಬೆಂಗಳೂರಿಗೆ ಬರುತ್ತಿದ್ದು, ಮೊದಲ ಹಾರಾಟ ತಡವಾಗಿ ಎರಡನೆಯದು ತಪ್ಪಿದರೆ ಲೆಕ್ಕಕ್ಕೆ ಬರುವುದು 370 ಕಿಲೋಮೀಟರಲ್ಲ, ಲಂಡನ್ನಿನಿಂದ ಬೆಂಗಳೂರಿಗಿರುವ ಪೂರ್ತಿ ನೇರ ದೂರ. ಆಗ ಮೊತ್ತವೂ ಹೆಚ್ಚು.

ತಲುಪಿದ ಸಮಯ ಯಾವುದು ಎಂಬ ಪ್ರಶ್ನೆಯೂ ನ್ಯಾಯಾಲಯದ ಮೆಟ್ಟಿಲು ಹತ್ತಿದೆ. ಗಾಲಿ ನೆಲ ಮುಟ್ಟಿದ ಹೊತ್ತೇ, ಗೇಟಿನಲ್ಲಿ ನಿಂತ ಹೊತ್ತೇ ಎಂಬ ವಾದ ನಡೆದಾಗ ಯುರೋಪಿನ ನ್ಯಾಯಾಲಯ 2014ರಲ್ಲಿ ಎರಡನ್ನೂ ಒಪ್ಪದೆ, ಪ್ರಯಾಣಿಕರು ಹೊರಗಿಳಿಯಲು ಅನುಮತಿಯಿದ್ದು ವಿಮಾನದ ಒಂದು ಬಾಗಿಲಾದರೂ ತೆರೆದ ಹೊತ್ತೇ ತಲುಪಿದ ಸಮಯವೆಂದು ತೀರ್ಪು ಕೊಟ್ಟಿತು. ಆದ್ದರಿಂದ ತಡ ಮೂರು ಗಂಟೆಯ ಅಂಚಿನಲ್ಲಿದೆ ಎಂದು ಕಂಡರೆ ಬಾಗಿಲು ತೆರೆದ ಹೊತ್ತನ್ನು ಗುರುತುಹಾಕಿಕೊಳ್ಳಿ. ಪರಿಹಾರದ ಅರ್ಜಿಯಲ್ಲಿ ನಮೂದಿಸಬೇಕಾದದ್ದು ಅದನ್ನೇ.